ಹಳೇ ಗಾಡಿ ಎಷ್ಟು ದೂರ ಬಂದೀತು?

ಸ್ಯಾನ್ ಫ್ರಾನ್ಸಿಸ್ಕೋದ ಮಾರ್ಕೆಟ್ ಸ್ಟ್ರೀಟಿಗೆ ಗಿಯರಿ, ಕರ್ನಿ ರಸ್ತೆಗಳು ಬಂದು ಸೇರುವ ಮೂಲೆಯಲ್ಲಿ ಲೋಟಾಸ್ ಫೌಂಟನ್ ಎಂಬ ಎರಕದ ಕಬ್ಬಿಣದ ಕಾರಂಜಿ ನಿಂತಿದೆ. ಲೋಟಾ ಕ್ರ್ಯಾಬ್‌ಟ್ರೀ ಎಂಬ ನಟಿ 1875ರಲ್ಲಿ ಊರಿಗೆ ಕೊಟ್ಟ ಕಾಣಿಕೆ ಅದು. 1906ರ ಭೂಕಂಪವನ್ನು ತಡೆದು ನಿಂತಿತೆಂದು ಊರಿನವರಿಗೆ ಅದರ ಮೇಲೆ ಬಲು ಅಭಿಮಾನ. ಭೂಕಂಪದ ಕಥೆ ಹೇಳುವವರು ಅಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ಅದಕ್ಕೆ ಮೂರು ವರ್ಷ ಮುಂಚೆ ಅದೇ ಜಾಗದಲ್ಲಿ ಶುರುವಾದ ಇನ್ನೊಂದು ಕಥೆಯನ್ನು ಹೇಳುವವರು ಕಡಿಮೆ. 1903ರ ಮೇ 16ರ ಮಧ್ಯಾಹ್ನ ಜಾರ್ಜ್ ವೈಮನ್ ಎಂಬ ಯುವಕ ಆ ಕಾರಂಜಿಯ ಬಳಿ ಮೋಟಾರ್ ಸೈಕಲ್ ಹತ್ತಿ ನ್ಯೂಯಾರ್ಕಿಗೆ ಹೊರಟ. ಸುಮಾರು ಐವತ್ತು ದಿನ ಹಿಡಿಯಿತು. ಜುಲೈ 6ರಂದು ತಲುಪಿದ. ರೈಲನ್ನು ಬಿಟ್ಟರೆ, ಎಂಜಿನ್ ಇರುವ ವಾಹನದಲ್ಲಿ ಅಮೆರಿಕವನ್ನು ಒಂದು ಕಡಲಿನಿಂದ ಇನ್ನೊಂದು ಕಡಲಿಗೆ ದಾಟಿದ ಮೊದಲಿಗ ಅವನೇ. ಕಾರಿನಲ್ಲಿ ಮೊದಲು ದಾಟಿದ ಹೊರೇಷಿಯೋ ನೆಲ್ಸನ್ ಜಾಕ್ಸನ್ ಅದೇ ಊರಿನಿಂದ ಒಂದು ವಾರ ತಡವಾಗಿ ಹೊರಟು ಜುಲೈ 26ಕ್ಕೆ ನ್ಯೂಯಾರ್ಕ್ ಮುಟ್ಟಿದ.

ವೈಮನ್ ಏರಿದ್ದ ಗಾಡಿಯ ಹೆಸರು ‘ಕ್ಯಾಲಿಫೋರ್ನಿಯಾ’. ಸ್ಯಾನ್ ಫ್ರಾನ್ಸಿಸ್ಕೋದಲ್ಲೇ ತಯಾರಾದದ್ದು. ಸಾಧಾರಣ ಸೈಕಲ್ಲಿನ ಚೌಕಟ್ಟು, ಅದಕ್ಕೆ ಸಿಕ್ಕಿಸಿದ ಒಂದೂಕಾಲು ಅಶ್ವಶಕ್ತಿಯ ಎಂಜಿನ್. ಅಂದರೆ ನಮ್ಮ ಮನೆಗಳಲ್ಲಿ ಸಂಪಿನಿಂದ ಟ್ಯಾಂಕಿಗೆ ನೀರೆತ್ತುವ ಮೋಟರಿನಷ್ಟು ಬಲ. ಎಂಜಿನ್ನಿನಿಂದ ಹಿಂದಿನ ಚಕ್ರಕ್ಕೆ ಚರ್ಮದ ಬೆಲ್ಟು. ಸಿಯೆರಾ ನೆವಾಡಾ ಬೆಟ್ಟಸಾಲಿನಲ್ಲಿ ರಸ್ತೆಯೆಲ್ಲ ಕೆಸರು, ಹಿಮ. ಹಾಗಾಗಿ ರೈಲು ಹಳಿಗಳ ಮೇಲೆ ಮರದ ಛಾವಣಿ ಕಟ್ಟಿದ್ದ ಹಿಮಗೂಡುಗಳೊಳಗೆ ಗಾಡಿ ತಳ್ಳಿಕೊಂಡು ನಡೆದ. ಮುಂದೆ ನೂರಾರು ಮೈಲಿ ಹಳಿಗಳ ನಡುವಿನ ದಿಮ್ಮಿಗಳ ಮೇಲೆಯೇ ಕುಲುಕಾಡುತ್ತ ಓಡಿಸಿದ. ಬೆಲ್ಟು ಹಿಗ್ಗಿತು, ಹರಿಯಿತು. ಬಿಡಿಭಾಗಕ್ಕಾಗಿ ಶಿಕಾಗೋದಲ್ಲಿ ದಿನಗಟ್ಟಲೆ ಕಾಯಬೇಕಾಯಿತು. ಆಲ್ಬನಿ ದಾಟುವ ಹೊತ್ತಿಗೆ ಎಂಜಿನ್ ಪೂರ್ತಿ ಕೈಬಿಟ್ಟಿತು. ಕೊನೆಯ ನೂರೈವತ್ತು ಮೈಲಿಯನ್ನು ಅವನು ಪೆಡಲ್ ತುಳಿದೇ ಮುಗಿಸಿದ.

ಈಗ ಹೇಳಿ, ಆ ಗಾಡಿಯನ್ನು ನಂಬಬಹುದಾದ ಗಾಡಿ ಅನ್ನಬಹುದೇ?

ಈ ಪ್ರಶ್ನೆ ಬೇರೊಂದು ರೂಪದಲ್ಲಿ ನನ್ನ ಕಿವಿಗೆ ಆಗಾಗ ಬೀಳುತ್ತದೆ. ನಾನಿರುವ ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದ ಕನ್ನಡ ಕೂಟದ ಸಮಾರಂಭಕ್ಕೆ ನನ್ನ 1975ರ ಬಿಎಂಡಬ್ಲ್ಯು ಆರ್75/6 ಬೈಕಿನಲ್ಲಿ ಹೋದರೆ ಊಟದ ಸಾಲಿನಲ್ಲಿ ಯಾರಾದರೂ ಹತ್ತಿರ ಬಂದು ಕೇಳುತ್ತಾರೆ: “ಅಲ್ಲ ಸಾರ್, ಇಷ್ಟು ಹಳೇ ಗಾಡಿ ನಂಬಿಕೊಂಡು ಅಷ್ಟು ದೂರ ಹೋಗ್ತೀರಲ್ಲ, ಮಧ್ಯೆ ಎಲ್ಲಾದ್ರೂ ಕೈಕೊಟ್ರೆ?” ಕೇಳುವವರಲ್ಲಿ ಹೆಚ್ಚಿನವರ ಮನೆಯಲ್ಲಿ ಒಂದು ಕಾಲಕ್ಕೆ ಜಾವಾನೋ ಬುಲೆಟ್ಟೋ ಇತ್ತು. ತಂದೆಯೋ ಚಿಕ್ಕಪ್ಪನೋ ಅದರಲ್ಲಿ ಧರ್ಮಸ್ಥಳಕ್ಕೋ ತಿರುಪತಿಗೋ ಹೋಗಿಬಂದವರು. ಆಗ ಆ ಗಾಡಿಗೆ ಹತ್ತು ವರ್ಷವಾಗಿತ್ತು, ಈಗ ಐವತ್ತು. ಅವರ ಆತಂಕಕ್ಕೆ ಕಾರಣವಿದೆ, ಆದ್ದರಿಂದ ಅದಕ್ಕೆ ಸರಿಯಾಗಿಯೇ ಉತ್ತರ ಕೊಡಬೇಕು.

ಮೊದಲು ಒಂದು ಮಾತು ಒಪ್ಪಿಕೊಂಡುಬಿಡೋಣ. ಇವತ್ತಿನ ಒಂದು ಜಪಾನಿ ಬೈಕನ್ನೂ ಐವತ್ತು ವರ್ಷದ ಬೈಕನ್ನೂ ಒಂದೇ ದಾರಿಯಲ್ಲಿ ಹತ್ತು ಸಾವಿರ ಮೈಲಿ ಓಡಿಸಿದರೆ, ಹೆಚ್ಚು ಸಲ ನಿಲ್ಲುವುದು ಹಳೆಯದೇ. ಅದರಲ್ಲಿ ಅನುಮಾನ ಬೇಡ. ವ್ಯತ್ಯಾಸವಿರುವುದು ಅದು ನಿಂತ ಮೇಲೆ ಏನಾಗುತ್ತದೆ ಎಂಬಲ್ಲಿ. ಹೊಸ ಗಾಡಿಯ ಪೆಟ್ರೋಲ್ ಪಂಪು ಟ್ಯಾಂಕಿನೊಳಗೆ ಸತ್ತರೆ ಅಥವಾ ಯಾವುದೋ ಸೆನ್ಸಾರ್ ಕೆಟ್ಟು ಕಂಪ್ಯೂಟರ್ ಎಂಜಿನ್ನನ್ನು ಆರಿಸಿಬಿಟ್ಟರೆ, ರಸ್ತೆಬದಿಯಲ್ಲಿ ನಿಂತವನಿಗೆ ಮಾಡಲು ಕೆಲಸವೇ ಇಲ್ಲ. ಫೋನ್ ತೆಗೆದು ಟೋ ಲಾರಿಗೆ ಕಾಯಬೇಕು. ಹಳೇ ಗಾಡಿ ಓಡಲು ಬೇಕಾದ್ದು ಮೂರು: ಸಿಲಿಂಡರಿಗೆ ಪೆಟ್ರೋಲು ಗಾಳಿ ಹದವಾಗಿ ಬರಬೇಕು, ಅಲ್ಲಿ ಒತ್ತಡ ಕೂಡಬೇಕು, ಸರಿಯಾದ ಗಳಿಗೆಗೆ ಕಿಡಿ ಹಾರಬೇಕು. ನಿಂತರೆ ಈ ಮೂರರಲ್ಲಿ ಒಂದು ಇಲ್ಲ ಎಂದರ್ಥ. ಪ್ಲಗ್ ಬಿಚ್ಚಿ ನೋಡಿದರೆ ಅರ್ಧ ಉತ್ತರ ಅಲ್ಲೇ ಇರುತ್ತದೆ. ಒದ್ದೆಯಾಗಿದ್ದರೆ ಪೆಟ್ರೋಲು ಬರುತ್ತಿದೆ, ಕಿಡಿ ಇಲ್ಲ. ಒಣಗಿದ್ದರೆ ಕಾರ್ಬೊರೇಟರ್ ಕಡೆ ನೋಡಬೇಕು. ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಮೈಯನ್ನು ಎಂಜಿನ್ನಿನ ರೆಕ್ಕೆಗೆ ತಾಗಿಸಿ ಕಿಕ್ಕರ್ ಒದ್ದರೆ ಕಿಡಿ ನೀಲಿಯೋ ಹಳದಿಯೋ, ಇದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತದೆ. ಕಿಡಿ ಇಲ್ಲದಿದ್ದರೆ ಮೊದಲ ಅನುಮಾನ ಪಾಯಿಂಟಿನ ಮೇಲೆ. ಅದರ ಎರಡು ಪುಟ್ಟ ಲೋಹದ ತುಟಿಗಳ ಮೇಲೆ ಎಣ್ಣೆಯ ಪೊರೆಯೋ ಸುಟ್ಟ ಕಲೆಯೋ ಕೂತಿರುತ್ತದೆ. ಉಪ್ಪುಕಾಗದದ ಚೂರು ತೂರಿಸಿ ಎರಡು ಸಲ ಎಳೆದು, ಶುದ್ಧ ಕಾಗದದಲ್ಲಿ ಒರೆಸಿ, ಫೀಲರ್ ಗೇಜಿನಲ್ಲಿ ಅಂತರ ನೋಡಿಕೊಂಡರೆ ಗಾಡಿ ಮತ್ತೆ ಹೊರಡುತ್ತದೆ. ಹಾಸನದ ಬಸ್ ಸ್ಟ್ಯಾಂಡಿನ ಎದುರಿನ ಗ್ಯಾರೇಜಿನ ಹುಡುಗನೂ ಇದನ್ನು ಮಾಡುತ್ತಿದ್ದ, ಗಾಡಿಯ ಮಾಲೀಕರಾದ ಮೇಷ್ಟ್ರೂ ಮಾಡುತ್ತಿದ್ದರು.

ನನ್ನ ಮಟ್ಟಿಗೆ ಇನ್ನೂ ಮುಖ್ಯವಾದದ್ದು, ಹಳೇ ಎಂಜಿನ್ ಸಾಮಾನ್ಯವಾಗಿ ಹೇಳಿಯೇ ಕೆಡುತ್ತದೆ. ಕ್ಲಚ್ ವೈರು ಒಂದೇ ಸಲಕ್ಕೆ ತುಂಡಾಗುವುದಿಲ್ಲ. ಲಿವರಿನ ಹತ್ತಿರ ಒಂದೆರಡು ಎಳೆ ಕಿತ್ತು ಬೆರಳಿಗೆ ಚುಚ್ಚುತ್ತವೆ, ಹಿಡಿತ ಗಟ್ಟಿಯಾಗುತ್ತದೆ. ಚೈನು ಹಿಗ್ಗಿದರೆ ಸದ್ದು ಬದಲಾಗುತ್ತದೆ. ಇದನ್ನು ಅರ್ಥ ಮಾಡಿಕೊಳ್ಳಲು ನನ್ನ ಬಿಎಂಡಬ್ಲ್ಯುವಿನ ವಾಲ್ವ್ ಹೊಂದಿಸುವ ಕೆಲಸವನ್ನೇ ನೋಡಿ. 1969ರಿಂದ 1990ರ ದಶಕದ ನಡುವಿನವರೆಗೆ ತಯಾರಾದ ಈ ಜಾತಿಯ ಬೈಕುಗಳಲ್ಲಿ ಸಿಲಿಂಡರುಗಳು ಎಂಜಿನ್ನಿನ ಎರಡೂ ಬದಿಗೆ ಕೈಚಾಚಿದಂತೆ ಅಡ್ಡಡ್ಡ ಹೊರಗಿರುತ್ತವೆ. ದೂರ ಹೋದಾಗ ತಂಗಿದ ಮೋಟೆಲಿನ ಅಂಗಳದಲ್ಲಿ, ಬೆಳಗ್ಗೆ, ಎಂಜಿನ್ ಪೂರ್ತಿ ತಣ್ಣಗಿರುವಾಗ ಈ ಕೆಲಸ ಮಾಡಬೇಕು. ಸ್ಪಾರ್ಕ್ ಪ್ಲಗ್ ಬಿಚ್ಚಿ, ಸಿಲಿಂಡರಿನ ತುದಿಯ ಮುಚ್ಚಳದ ಮೂರು ನಟ್ಟು ತೆಗೆದರೆ ಸಾಕು, ಒಂದಿಷ್ಟು ಆಯಿಲ್ ತೊಟ್ಟಿಕ್ಕಿ ವಾಲ್ವುಗಳು ಎದುರಿಗೇ ಬರುತ್ತವೆ. ಎಡಬದಿಯಲ್ಲಿ ಒಂದು ರಬ್ಬರ್ ಬಿರಡೆಯಿದೆ. ಅದನ್ನು ತೆಗೆದು, ಗಾಡಿಯನ್ನು ಟಾಪ್ ಗೇರಿಗೆ ಹಾಕಿ, ಹಿಂದಿನ ಚಕ್ರವನ್ನು ಕೈಯಿಂದ ಮೆಲ್ಲಗೆ ತಿರುಗಿಸುತ್ತ ಹೋದರೆ ಆ ಕಿಂಡಿಯಲ್ಲಿ ಫ್ಲೈವೀಲಿನ ಮೇಲೆ ಕೆತ್ತಿದ ‘ಓಟಿ’ ಎಂಬ ಗುರುತು ಬಂದು ನಿಲ್ಲುತ್ತದೆ. ಪಿಸ್ಟನ್ ತುದಿ ಮುಟ್ಟಿದೆ ಎಂದರ್ಥ. ಆಗ ವಾಲ್ವಿನ ಬಾಲಕ್ಕೂ ಅದನ್ನು ಒತ್ತುವ ಲಿವರಿಗೂ ನಡುವೆ ಫೀಲರ್ ಗೇಜಿನ ತೆಳು ತಗಡು ತೂರಿಸಬೇಕು. ಹೊಗೆ ಹೊರಹಾಕುವ ವಾಲ್ವಿಗೆ 0.20 ಮಿ.ಮೀ. ತಗಡು ತುಸು ತಡೆದು ಜಾರಬೇಕು. ಸಲೀಸಾಗಿ ಓಡಾಡಿದರೆ ಸಡಿಲ, ಹೋಗಲೇ ಇಲ್ಲವೆಂದರೆ ಬಿಗಿ. ಎರಡು ಪಾನಾ ಹಿಡಿದು ಸರಿಮಾಡಿ, ಎಷ್ಟಿತ್ತು ಎಂದು ನೋಟ್‌ಬುಕ್ಕಿನಲ್ಲಿ ಬರೆದಿಡುವುದು.

ಆ ಬರೆದಿಡುವುದರಲ್ಲೇ ಜೀವ ಇರುವುದು. ಹಿಂದೆ ಪೆಟ್ರೋಲಿಗೆ ಸೀಸ ಬೆರೆಸುತ್ತಿದ್ದರು. ವಾಲ್ವು ಬಂದು ಕೂರುವ ಪೀಠಕ್ಕೆ ಅದು ಒಂದು ರೀತಿಯ ರಕ್ಷಣೆಯಾಗಿತ್ತು. ಅಮೆರಿಕದಲ್ಲಿ 1996ರ ಆರಂಭದಿಂದ ರಸ್ತೆ ವಾಹನಗಳಿಗೆ ಸೀಸದ ಪೆಟ್ರೋಲು ಪೂರ್ತಿ ನಿಷೇಧವಾಯಿತು. ಜನರ ಆರೋಗ್ಯದ ದೃಷ್ಟಿಯಿಂದ ಅದು ಬಹಳ ಮುಂಚೆಯೇ ಆಗಬೇಕಿತ್ತು. ಆದರೆ ಹಳೇ ಎಂಜಿನ್ನುಗಳಲ್ಲಿ ಪೀಠ ಮೃದುವಾಗಿದ್ದರೆ ವಾಲ್ವು ನಿಧಾನವಾಗಿ ಒಳಕ್ಕೆ ಕುಸಿಯುತ್ತ ಹೋಗುತ್ತದೆ, ಆ 0.20 ಮಿ.ಮೀ. ಜಾಗ ಪ್ರತಿ ಸಲ ಕಿರಿದಾಗುತ್ತದೆ. ಕೊನೆಗೊಂದು ದಿನ ಜಾಗವೇ ಉಳಿಯದೆ ವಾಲ್ವು ಮುಚ್ಚಿಕೊಳ್ಳದೆ ಸುಟ್ಟುಹೋಗುತ್ತದೆ. ನೋಟ್‌ಬುಕ್ ಇಟ್ಟವನಿಗೆ ಇದು ಸಾವಿರಾರು ಮೈಲಿ ಮುಂಚೆಯೇ ಗೊತ್ತಾಗುತ್ತದೆ. ಇಡದವನಿಗೆ ನೆವಾಡಾದ ಮರುಭೂಮಿಯ ನಡುವೆ ಗೊತ್ತಾಗುತ್ತದೆ. ಗಾಡಿ ಎರಡೂ ಕಡೆ ಒಂದೇ.

ಈ ಸಂಗತಿಯನ್ನು ರಾಬರ್ಟ್ ಪಿರ್ಸಿಗ್‌ರಷ್ಟು ಆಳವಾಗಿ ಯೋಚಿಸಿದವರು ಇಲ್ಲ. 1968ರಲ್ಲಿ ಅವರು ಮಗನನ್ನು ಹಿಂದೆ ಕೂರಿಸಿಕೊಂಡು ಮಿನೆಸೋಟದಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದದ್ದು ಹೋಂಡಾ ಸೂಪರ್‌ಹಾಕ್ ಎಂಬ 305 ಸಿಸಿ ಬೈಕಿನಲ್ಲಿ. 1974ರಲ್ಲಿ ಬಂದ ಅವರ ‘ಝೆನ್ ಅಂಡ್ ದಿ ಆರ್ಟ್ ಆಫ್ ಮೋಟರ್‌ಸೈಕಲ್ ಮೇಂಟೆನೆನ್ಸ್’ ಪುಸ್ತಕವನ್ನು ತತ್ವಶಾಸ್ತ್ರವೆಂದೇ ಓದುವವರು ಹೆಚ್ಚು. ಗಾಡಿ ಇಟ್ಟುಕೊಂಡವರು ಅದರೊಳಗಿನ ರಿಪೇರಿಯ ಪುಟಗಳನ್ನು ಇನ್ನೊಂದು ಸಲ ಓದಬೇಕು. ಅವರ ಎಂಜಿನ್ ಹಿಂದೊಮ್ಮೆ ಸೀಜ್ ಆದಾಗ ಗ್ಯಾರೇಜಿನವರು ಬಿಚ್ಚಿ ಕಟ್ಟಿದ್ದೇ ಕಟ್ಟಿದ್ದು, ನಿಜವಾದ ಕಾರಣ ಸಿಗಲಿಲ್ಲ. ಕೊನೆಗೆ ನೋಡಿದರೆ ಆಯಿಲ್ ಹರಿಯುವ ದಾರಿಯಲ್ಲಿ ಮುರಿದಿದ್ದ ಪುಡಿಗಾಸಿನ ಒಂದು ಪಿನ್ನು. ಅವರ ಗೆಳೆಯನ ಬಳಿ ಇದ್ದದ್ದು ದುಬಾರಿ ಬಿಎಂಡಬ್ಲ್ಯು. ಆ ಗೆಳೆಯ ಒಳ್ಳೇ ಗಾಡಿ ಕೊಂಡರೆ ಅದರ ಯೋಚನೆಯನ್ನೇ ಮಾಡಬೇಕಿಲ್ಲ ಎಂದು ನಂಬಿದವನು. ಸಡಿಲಾದ ಹ್ಯಾಂಡಲ್ಲಿಗೆ ಬಿಯರ್ ಕ್ಯಾನಿನ ತಗಡು ಕತ್ತರಿಸಿ ಹಾಕೋಣವೆಂದರೆ ಅವನಿಗೆ ಅವಮಾನವಾಗುತ್ತದೆ. ಆ ತಗಡು ಅಲ್ಲಿಗೆ ಎಲ್ಲ ರೀತಿಯಲ್ಲೂ ತಕ್ಕುದಾದ ವಸ್ತುವೆಂದು ಅವನಿಗೆ ಕಾಣುವುದೇ ಇಲ್ಲ. ಪಿರ್ಸಿಗ್‌ರ ಆ ಹೋಂಡಾ ಈಗ ವಾಷಿಂಗ್ಟನ್‌ನ ಸ್ಮಿತ್ಸೋನಿಯನ್ ಸಂಸ್ಥೆಯ ಇತಿಹಾಸ ಸಂಗ್ರಹಾಲಯಕ್ಕೆ ಸೇರಿದೆ. ತನ್ನ ಗಾಡಿಯ ಸದ್ದನ್ನು ಕೇಳಿಸಿಕೊಂಡು ಬಂದವರ 305 ಸಿಸಿ ಗಾಡಿ ಮಗನನ್ನೂ ಹೊತ್ತು ಖಂಡದ ಅರ್ಧ ದಾಟಿತು ಎಂಬುದು ನನಗೆ ಯಾವ ಜಾಹೀರಾತಿಗಿಂತ ದೊಡ್ಡ ಸಾಕ್ಷಿ.

ಹಾಗಾದರೆ ಹಳೇ ಗಾಡಿಯನ್ನು ಕೊಲ್ಲುವುದು ಯಾವುದು? ದೂರ ಅಲ್ಲ. ಗ್ಯಾರೇಜಿನಲ್ಲಿ ಬಟ್ಟೆ ಹೊದಿಸಿ ನಿಲ್ಲಿಸಿಡುವುದು. ಬೇ ಏರಿಯಾದಲ್ಲಿ ಮಾರಾಟಕ್ಕೆ ಬರುವ ಎಷ್ಟೋ ಹಳೇ ಬೈಕುಗಳು ನೋಡಲು ಫಳಫಳ, ಓಡಿರುವುದೂ ಕಡಿಮೆ. ಕೊಳ್ಳುವವರು ಕಡಿಮೆ ಮೈಲಿ ಎಂದು ಹಿಗ್ಗುತ್ತಾರೆ. ನಾನಾದರೆ ಎಂಬತ್ತು ಸಾವಿರ ಮೈಲಿ ಓಡಿ ಕಳೆದ ತಿಂಗಳೂ ರಸ್ತೆಯಲ್ಲಿದ್ದ ಗಾಡಿಯನ್ನು ಆರಿಸಿಕೊಳ್ಳುತ್ತೇನೆ. ನಿಂತ ಗಾಡಿಯ ಟ್ಯಾಂಕಿನಲ್ಲಿ ಪೆಟ್ರೋಲು ಕೊಳೆತು ಅಂಟಾಗುತ್ತದೆ. ಆ ಅಂಟು ಕಾರ್ಬೊರೇಟರಿನ ಜೆಟ್ಟಿನ ಸೂಜಿಮೊನೆಯಷ್ಟು ತೂತನ್ನು ಮುಚ್ಚುತ್ತದೆ. ಕ್ಯಾಲಿಫೋರ್ನಿಯಾದ ಪೆಟ್ರೋಲಿನಲ್ಲಿ ಹತ್ತರಲ್ಲೊಂದು ಪಾಲು ಎಥನಾಲ್ ಇದೆ. ಅದು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಆ ನೀರು ಟ್ಯಾಂಕಿನ ತಳದಲ್ಲಿ ಇಳಿದು ತುಕ್ಕು ಹಿಡಿಸುತ್ತದೆ. ಹಳೇ ಕಾಲದ ರಬ್ಬರ್ ಪೈಪು, ವಾಷರುಗಳು ಎಥನಾಲ್ ತಾಗಿ ಉಬ್ಬಿ ಬಿರಿಯುತ್ತವೆ. ಈಗ ನಮ್ಮ ದೇಶದಲ್ಲೂ ಬಂಕುಗಳಲ್ಲಿ ನೂರಕ್ಕೆ ಇಪ್ಪತ್ತು ಭಾಗ ಎಥನಾಲ್ ಬೆರೆಸಿದ ಪೆಟ್ರೋಲೇ ಸಿಗುತ್ತಿರುವುದರಿಂದ, ಊರಿನಲ್ಲಿ ಅಪ್ಪನ ಜಾವಾ, ಯೆಜ್ಡಿ ಇಟ್ಟುಕೊಂಡವರು ಇದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಪೈಪು, ವಾಷರು, ಕಾರ್ಬೊರೇಟರಿನ ಸೀಲುಗಳನ್ನು ಎಥನಾಲ್ ತಡೆಯುವ ಹೊಸ ಬಗೆಯವಕ್ಕೆ ಬದಲಿಸಿ. ತಿಂಗಳುಗಟ್ಟಲೆ ನಿಲ್ಲಿಸುವುದಿದ್ದರೆ ಕಾರ್ಬೊರೇಟರ್ ಖಾಲಿ ಮಾಡಿ.

ಇನ್ನೊಂದು ಅಭ್ಯಾಸ ಬಹಳ ಜನರಲ್ಲಿದೆ. ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಐದು ನಿಮಿಷ ನಿಲ್ಲಿಸಿದಲ್ಲೇ ಓಡಿಸಿ ಆರಿಸುವುದು. ಗಾಡಿಗೆ ಒಳ್ಳೆಯದು ಮಾಡಿದೆವೆಂಬ ಸಮಾಧಾನ. ಆಗುವುದು ಇದಕ್ಕೆ ತದ್ವಿರುದ್ಧ. ಪೆಟ್ರೋಲು ಉರಿದರೆ ನೀರಾವಿಯೂ ಹುಟ್ಟುತ್ತದೆ. ಎಂಜಿನ್ ಚೆನ್ನಾಗಿ ಕಾದರೆ ಆ ಆವಿ ಹೊರಟುಹೋಗುತ್ತದೆ, ಅರೆಬರೆ ಬಿಸಿಯಾದರೆ ಒಳಗೇ ನೀರಾಗಿ ಆಯಿಲಿನಲ್ಲಿ ಸೇರುತ್ತದೆ, ಸೈಲೆನ್ಸರಿನಲ್ಲಿ ನಿಂತು ಒಳಗಿನಿಂದ ತಿನ್ನುತ್ತದೆ. ತೆಗೆದರೆ ಇಪ್ಪತ್ತು ಮೈಲಿಯಾದರೂ ಓಡಿಸಬೇಕು, ಇಲ್ಲವಾದರೆ ಮುಟ್ಟಬಾರದು. ಟಯರಿನ ವಿಷಯವೂ ಹೀಗೆಯೇ. ಗುಂಡಿ ಆಳವಾಗಿದೆ ಎಂದ ಮಾತ್ರಕ್ಕೆ ಟಯರ್ ಹೊಸದಲ್ಲ. ಬದಿಯಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳಲ್ಲಿ ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 0911 ಎಂದಿದ್ದರೆ 2011ರ ಒಂಬತ್ತನೇ ವಾರದ್ದು. ಅಂಥ ಟಯರಿನಲ್ಲಿ ಅಂಗಡಿಗೆ ಹೋಗುವುದೂ ತಪ್ಪು. ಎಂಜಿನ್ ಕೆಟ್ಟರೆ ಮನೆ ಸೇರುವುದು ತಡವಾಗುತ್ತದೆ, ಮುಂದಿನ ಟಯರ್ ಸಿಡಿದರೆ ಮನೆ ಸೇರುವುದೇ ಅನುಮಾನ. ಹಳೇ ಗಾಡಿಯವರು ಪಾಲಿಶ್ ಮಾಡಿದ ಟ್ಯಾಂಕನ್ನು ತೋರಿಸಿದಾಗ ನಾನು ಮೊದಲು ಬಗ್ಗಿ ನೋಡುವುದು ಆ ನಾಲ್ಕು ಅಂಕಿಗಳನ್ನೇ.

ಬೇ ಏರಿಯಾ ಹಳೇ ಬೈಕಿಗೆ ಒಳ್ಳೇ ಪರೀಕ್ಷೆ ಕೊಡುವ ಜಾಗ. ಬೇಸಿಗೆಯ ಬೆಳಗ್ಗೆ ಹಾಫ್ ಮೂನ್ ಬೇ ಕಡಲದಂಡೆಯಲ್ಲಿ ಮಂಜು ಕವಿದು ಜರ್ಕಿನ್ ಹಾಕಿಕೊಂಡರೂ ನಡುಕ. ಅದೇ ಮಧ್ಯಾಹ್ನ ಒಳನಾಡಿನ ಲಿವರ್‌ಮೋರ್‌ನಲ್ಲಿ ಮೈ ಸುಡುವ ಬಿಸಿಲು. ಗಾಳಿಯಿಂದಲೇ ತಣಿಯಬೇಕಾದ ಎಂಜಿನ್ನಿಗೆ ಸಂಜೆಯ ಫ್ರೀವೇ ಟ್ರಾಫಿಕ್ಕಿನಲ್ಲಿ ಕಾರುಗಳ ಹಿಂದೆ ನಿಲ್ಲುವುದಕ್ಕಿಂತ ದೊಡ್ಡ ಶಿಕ್ಷೆಯಿಲ್ಲ. ಕಾರುಗಳ ಸಾಲುಗಳ ನಡುವೆ ಬೈಕು ನುಸುಳಿ ಹೋಗುವುದು ಕ್ಯಾಲಿಫೋರ್ನಿಯಾದಲ್ಲಿ ಬಹುಕಾಲದಿಂದ ನಡೆದುಬಂದದ್ದು, 2016ರಲ್ಲಿ ಕಾನೂನಿನಲ್ಲೂ ಅದಕ್ಕೆ ಹೆಸರು ಸಿಕ್ಕಿತು. ಬೆಂಗಳೂರಿನಿಂದ ಬಂದವರಿಗೆ ಇದರಲ್ಲಿ ಹೊಸದೇನೂ ಇಲ್ಲ. ಆದರೆ ಇಲ್ಲಿ ಹಳೇ ಎಂಜಿನ್ನಿನ ಪ್ರಾಣ ಉಳಿಸುವ ಸವಲತ್ತು ಅದು.

ನಾನು ಹಳೇ ಗಾಡಿಗೆ ಹೇಳಿಮಾಡಿಸಿದ್ದೆನ್ನುವ ದಾರಿ ಸ್ಯಾನ್ ಹೋಸೆಯಿಂದ ಮೌಂಟ್ ಹ್ಯಾಮಿಲ್ಟನ್ ಹತ್ತುವುದು. ಮೇಲೆ, ನಾಲ್ಕು ಸಾವಿರ ಅಡಿಗೂ ಎತ್ತರದಲ್ಲಿ ಲಿಕ್ ವೀಕ್ಷಣಾಲಯವಿದೆ. 1876ರಲ್ಲಿ ಮುಗಿದ ಈ ರಸ್ತೆಯನ್ನು ಹಾಕಿದ್ದು ಕುದುರೆಗಾಡಿಗಳಲ್ಲಿ ಸಾಮಾನು ಸಾಗಿಸಲು. ಕುದುರೆಗೆ ದಮ್ಮು ಕಟ್ಟಬಾರದೆಂದು ಏರು ಎಲ್ಲಿಯೂ ಕಡಿದಾಗದಂತೆ ಸುತ್ತಿಸಿ ಸುತ್ತಿಸಿ ಒಯ್ದಿದ್ದಾರೆ. ತಿರುವುಗಳೋ ಲೆಕ್ಕವಿಲ್ಲದಷ್ಟು, ಆದರೆ ಏರು ಹಿತವಾದದ್ದು. ಕುದುರೆಗೆಂದು ಮಾಡಿದ ಆ ದಯೆ ಈಗ ಹನ್ನೆರಡು ಅಶ್ವಶಕ್ತಿಯ ಬೈಕಿಗೂ ಒದಗುತ್ತದೆ. ಎಂಜಿನ್ ಒಂದೇ ಹದದಲ್ಲಿ ಗುನುಗುತ್ತ ಮೇಲೇರುತ್ತದೆ. ಬೆಟ್ಟ ದಾಟಿ ಆಚೆ ಸ್ಯಾನ್ ಆಂಟೋನಿಯೋ ಕಣಿವೆಗೆ ಇಳಿದು ಮೈನ್ಸ್ ರೋಡಿನಲ್ಲಿ ಲಿವರ್‌ಮೋರ್ ಸೇರುವವರೆಗೆ ಪೆಟ್ರೋಲ್ ಬಂಕ್ ಇಲ್ಲ, ಬಹುಪಾಲು ಕಡೆ ಫೋನಿಗೆ ಸಿಗ್ನಲ್ಲೂ ಇಲ್ಲ. ಟ್ಯಾಂಕ್ ತುಂಬಿಸಿ, ಸಲಕರಣೆ ಚೀಲ ನೋಡಿಕೊಂಡೇ ಹೊರಡಬೇಕು. ಒಂದು ಕ್ಲಚ್ ವೈರು, ಎರಡು ಪ್ಲಗ್ಗು, ಒಂದು ಸೆಟ್ ಪಾಯಿಂಟು, ಕಂಡೆನ್ಸರ್, ಫ್ಯೂಸು, ಒಂದಿಷ್ಟು ಕಟ್ಟುತಂತಿ, ಪಂಚರ್ ಸಾಮಾನು. ನನ್ನ ಚೀಲದಲ್ಲಿ ಇದಿಷ್ಟು ಇಲ್ಲದೆ ನಾನು ಆ ಕಡೆ ತಿರುಗುವುದಿಲ್ಲ.

ಇಲ್ಲಿಂದ ಮೈಸೂರಿಗೆ ಬರಬೇಕು. ದೂರದ ದಾರಿಗೆ ಹಳೇ ಬೈಕು ಎಂದಾಗ ಕನ್ನಡಿಗರಿಗೆ ನೆನಪಾಗುವುದು ಬಿಎಂಡಬ್ಲ್ಯು ಅಲ್ಲ, ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ. ಚೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿ ಪಡೆದು 1960ರ ದಶಕದ ಆರಂಭದಲ್ಲಿ ರುಸ್ತುಂ ಇರಾನಿಯವರು ಕಟ್ಟಿದ ಕಾರ್ಖಾನೆಯದು. ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು. 1970ರ ದಶಕದಲ್ಲಿ ಜಾವಾ ಹೆಸರು ಹೋಗಿ ಯೆಜ್ಡಿ ಬಂತು, 1978ರಲ್ಲಿ ರೋಡ್‌ಕಿಂಗ್ ಬಂತು, 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಅದರ 250 ಸಿಸಿ ಎಂಜಿನ್ ಟೂ ಸ್ಟ್ರೋಕ್. ವಾಲ್ವೇ ಇಲ್ಲ, ಹಾಗಾಗಿ ನಾನು ಮೇಲೆ ಹೇಳಿದ ಫೀಲರ್ ಗೇಜಿನ ಅರ್ಧ ಕೆಲಸವೂ ಇಲ್ಲ. ಗೇರ್ ಹಾಕುವ ಲಿವರನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್. ಗೇರ್ ಬದಲಿಸುವಾಗ ಕ್ಲಚ್ ತಾನಾಗಿ ಬಿಡುವ ಏರ್ಪಾಟು ಒಳಗೇ ಇತ್ತು, ಕ್ಲಚ್ ವೈರು ಹರಿದರೂ ಊರು ಸೇರಬಹುದಿತ್ತು. ದೂರದ ದಾರಿಗೆ ಇಷ್ಟು ಕರುಣೆಯಿಟ್ಟು ರೂಪಿಸಿದ ಯಂತ್ರ ಆ ಕಾಲದ ನಮ್ಮ ರಸ್ತೆಗಳಲ್ಲಿ ಇನ್ನೊಂದಿರಲಿಲ್ಲ ಎಂದೇ ನನ್ನ ನಂಬಿಕೆ.

ಅದಕ್ಕೊಂದು ಅಪಾಯವೂ ಇತ್ತು, ಘಟ್ಟದವರಿಗೆ ಅದು ಗೊತ್ತು. ಟೂ ಸ್ಟ್ರೋಕ್ ಎಂಜಿನ್ನಿಗೆ ಎಣ್ಣೆ ಸಿಗುವುದು ಪೆಟ್ರೋಲಿನ ಜತೆಗೇ. ಚಾರ್ಮಾಡಿಯಲ್ಲೋ ಆಗುಂಬೆಯಲ್ಲೋ ಇಳಿಯುವಾಗ ಆಕ್ಸಿಲೇಟರ್ ಪೂರ್ತಿ ಮುಚ್ಚಿ, ಗೇರಿನಲ್ಲೇ ಎಂಜಿನ್ ಹಿಡಿತದ ಮೇಲೆ ಬಂದರೆ ಪಿಸ್ಟನ್ ಜೋರಾಗಿ ಓಡುತ್ತಿರುತ್ತದೆ, ಪೆಟ್ರೋಲು ಮಾತ್ರ ಹೆಚ್ಚುಕಡಿಮೆ ನಿಂತಿರುತ್ತದೆ. ಪೆಟ್ರೋಲಿಲ್ಲವೆಂದರೆ ಎಣ್ಣೆಯೂ ಇಲ್ಲ. ಅರ್ಧ ಘಟ್ಟದಲ್ಲಿ ಎಂಜಿನ್ ಸೀಜ್ ಆಗಿ ಹಿಂದಿನ ಚಕ್ರ ಕಚ್ಚಿಕೊಳ್ಳುತ್ತದೆ. ತಿಳಿದವರು ಇಳಿಯುವಾಗ ಆಗಾಗ ಕ್ಲಚ್ ಹಿಡಿದು ಆಕ್ಸಿಲೇಟರ್ ಒಮ್ಮೆ ತಿರುಗಿಸಿ ಬಿಡುತ್ತಿದ್ದರು, ಒಂದು ಗುಟುಕು ಎಣ್ಣೆ ಹೋಗಲೆಂದು. ಬೆಂಗಳೂರಿನಿಂದ ಬಂದ ಹುಡುಗರಿಗೆ ಕೊಟ್ಟಿಗೆಹಾರದ ಹೋಟೆಲಿನಲ್ಲಿ ಟೀ ಕುಡಿಯುತ್ತ ಕೂತ ಹಿರಿಯರು ಇದನ್ನು ಹೇಳಿಕೊಡುತ್ತಿದ್ದರು. ಸೈಲೆನ್ಸರಿನಲ್ಲಿ ಕಟ್ಟಿದ ಕರಿಯನ್ನು ಬೆಂಕಿಯಲ್ಲಿ ಸುಟ್ಟು ತೆಗೆಯುವುದು, ಎಣ್ಣೆಯ ಅಳತೆ, ಪ್ಲಗ್ಗಿನ ಬಣ್ಣ ನೋಡಿ ಎಂಜಿನ್ನಿನ ಆರೋಗ್ಯ ಹೇಳುವುದು, ಎಲ್ಲವೂ ಹೀಗೆ ಬಾಯಿಂದ ಬಾಯಿಗೆ ಬಂದ ವಿದ್ಯೆ. ಕಾರ್ಖಾನೆ ಮುಚ್ಚಿ ಇಷ್ಟು ವರ್ಷವಾದರೂ ಪ್ರತಿ ಜುಲೈ ತಿಂಗಳ ಎರಡನೇ ಭಾನುವಾರ ಜಾವಾ, ಯೆಜ್ಡಿಯವರು ಸಾಲುಸಾಲಾಗಿ ರಸ್ತೆಗಿಳಿಯುತ್ತಾರಲ್ಲ, ಆ ಗಾಡಿಗಳನ್ನು ಓಡಿಸುತ್ತಿರುವುದು ಈ ವಿದ್ಯೆಯೇ.

ಸ್ಯಾನ್ ಫ್ರಾನ್ಸಿಸ್ಕೋದಲ್ಲೂ ಕಂಡದ್ದು ಇದೇ. ವೈಮನ್ ಹೊರಟ ಮರುವರ್ಷ, 1904ರಲ್ಲಿ, ಈ ಊರಿನಲ್ಲಿ ಹುಟ್ಟಿದ ಮೋಟರ್‌ಸೈಕಲ್ ಕ್ಲಬ್ಬು ಫೋಲ್ಸಮ್ ಸ್ಟ್ರೀಟಿನ ತನ್ನ ಮನೆಯಲ್ಲಿ ಇಂದಿಗೂ ಇದೆ. 2012ರಲ್ಲಿ ಮೋಟರ್‌ಸೈಕಲ್ ಕ್ಯಾನನ್‌ಬಾಲ್ ಎಂಬ ಓಟ ನ್ಯೂಯಾರ್ಕ್ ರಾಜ್ಯದ ನ್ಯೂಬರ್ಗ್‌ನಿಂದ ಹೊರಟು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮುಗಿಯಿತು. 1930ಕ್ಕಿಂತ ಹಿಂದಿನ ಬೈಕುಗಳಿಗಷ್ಟೇ ಪ್ರವೇಶ, ಸುಮಾರು ನಾಲ್ಕು ಸಾವಿರ ಮೈಲಿ ದಾರಿ. ಅಲ್ಲಿ ವೇಗಕ್ಕೆ ಬಹುಮಾನವಿಲ್ಲ, ದಿನದಿನದ ದಾರಿಯನ್ನು ತಪ್ಪದೆ ಪೂರ್ತಿ ಮಾಡಿದ್ದಕ್ಕೆ. ಮೊದಲ ಸ್ಥಾನ ಬಂದದ್ದು 1913ರ ಒಂದು ಎಕ್ಸೆಲ್ಸಿಯರ್‌ಗೆ, ಅಂದರೆ ತೊಂಬತ್ತೊಂಬತ್ತು ವರ್ಷದ ಗಾಡಿಗೆ. ಅದೇ ಗಾಡಿ, ಅದೇ ಸವಾರ 2010ರಲ್ಲೂ ಗೆದ್ದಿದ್ದರು. ರಾತ್ರಿ ಮೋಟೆಲಿನ ಅಂಗಳಗಳಲ್ಲಿ ಟಾರ್ಚು ಹಿಡಿದು ಒಬ್ಬರ ಎಂಜಿನ್ನಿಗೆ ಇನ್ನೊಬ್ಬರು ಕೈಹಾಕುವುದು ಇಂಥ ಓಟಗಳಲ್ಲಿ ಮಾಮೂಲು. ಎದುರಾಳಿಗೆ ಬೇರಿಂಗ್ ಕೊಟ್ಟವರೂ ಇದ್ದಾರೆ.

ಎಲ್ಲ ದಾರಿಯೂ ಹಳೇ ಗಾಡಿಗೆ ಸಲ್ಲದು, ಅದನ್ನೂ ಹೇಳಬೇಕು. ಡ್ರಮ್ ಬ್ರೇಕಿನ, ಆರು ವೋಲ್ಟಿನ ಮಿಣುಕು ದೀಪದ ಬೈಕನ್ನು 101 ಫ್ರೀವೇಗೆ ತರಬಾರದು. ಅಲ್ಲಿ 65 ಮೈಲಿ ಮಿತಿ ಎಂದಿದ್ದರೂ ಎಲ್ಲರೂ 75ರ ಮೇಲಿರುತ್ತಾರೆ. ಮುಂದಿನ ಕಾರು ತಟ್ಟನೆ ನಿಂತರೆ ಹಳೇ ಡ್ರಮ್ಮಿಗೆ ಅಷ್ಟು ಅಂತರ ಸಾಲದು. ಇದು ಧೈರ್ಯದ ಮಾತಲ್ಲ, ಬ್ರೇಕಿನ ಲೆಕ್ಕ. ಕತ್ತಲಾದ ಮೇಲೆ ಹಳೇ ಗಾಡಿ ನಿಲ್ಲಿಸಿ ರೂಮು ಹುಡುಕುವುದೇ ನನ್ನ ಪದ್ಧತಿ.

ಇತ್ತೀಚೆಗೆ ಕೆಲವು ಕನ್ನಡಿಗ ಗೆಳೆಯರು ಕೇಳುತ್ತಿದ್ದಾರೆ, ಊರಿನಲ್ಲಿರುವ ಅಪ್ಪನ ಜಾವಾವನ್ನು ಇಲ್ಲಿಗೆ ತರಿಸಬಹುದೇ ಎಂದು. 25 ವರ್ಷ ದಾಟಿದ ವಾಹನಕ್ಕೆ ಅಮೆರಿಕದ ಸುರಕ್ಷತಾ ನಿಯಮಗಳ ಅಡ್ಡಿಯಿಲ್ಲ. ಹೊಗೆಯ ವಿಷಯದಲ್ಲಿ ಕ್ಯಾಲಿಫೋರ್ನಿಯಾ ಬಿಗಿ. ಇಲ್ಲಿನ ಬೈಕುಗಳ ನಿಯಮ ಅನ್ವಯವಾಗುವುದು 1978ರಿಂದ ಈಚಿನವಕ್ಕೆ. ಹಾಗಾಗಿ 1960ರ ದಶಕದ ಮೈಸೂರು ಜಾವಾಗೆ ದಾರಿಯಿದೆ, ರೋಡ್‌ಕಿಂಗ್‌ಗೆ ಕಷ್ಟ. ತರಿಸುವ ಮುಂಚೆ ದಾಖಲೆಯಲ್ಲಿ ತಯಾರಾದ ವರ್ಷ ಸರಿಯಾಗಿ ನಮೂದಾಗಿದೆಯೇ, ಎಂಜಿನ್ ನಂಬರೂ ಚಾಸಿ ನಂಬರೂ ಆರ್‌ಸಿ ಪುಸ್ತಕಕ್ಕೆ ಹೊಂದುತ್ತವೆಯೇ ನೋಡಿಕೊಳ್ಳಿ.

ತರಿಸಿದವರಿಗೂ, ಇಲ್ಲೇ ಹಳೇ ಹೋಂಡಾವನ್ನೋ ಬಿಎಂಡಬ್ಲ್ಯುವನ್ನೋ ಕೊಂಡವರಿಗೂ ನಾನು ಹೇಳುವುದು ಇಷ್ಟೇ: ಮೊದಲ ಬೇಸಿಗೆ ಪೂರ್ತಿ ಮನೆಯಿಂದ ಐವತ್ತು ಮೈಲಿಯೊಳಗೇ ಓಡಿಸಿ. ಟಯರು, ಟ್ಯೂಬು, ಬ್ರೇಕ್ ಶೂ, ವೈರುಗಳು, ರಬ್ಬರ್ ಪೈಪು, ಬ್ಯಾಟರಿ, ಇವನ್ನು ಹೊರಡುವ ಮುಂಚೆ ಹೊಸದು ಹಾಕಿ. ಎಂಜಿನ್ನನ್ನು ಸುಮ್ಮಸುಮ್ಮನೆ ಬಿಚ್ಚಬೇಡಿ, ಅದು ಏನು ಹೇಳುತ್ತದೆ ಕೇಳಿ. ಕೆಡುವಂಥವೆಲ್ಲ ಆ ಬೇಸಿಗೆಯಲ್ಲಿ ಕೆಡುತ್ತವೆ, ಮನೆ ಹತ್ತಿರವಿರುವಾಗಲೇ ಕೆಡಲಿ. ಪ್ರತಿಯೊಂದನ್ನೂ ತಾರೀಕು ಹಾಕಿ ಬರೆದಿಡಿ. ಮಳೆಗಾಲ ಕಳೆದ ಮೇಲೆ ಒಂದು ಶನಿವಾರ ಬೆಳಗ್ಗೆ ಟ್ಯಾಂಕ್ ತುಂಬಿಸಿ ಮೌಂಟ್ ಹ್ಯಾಮಿಲ್ಟನ್ ಕಡೆ ತಿರುಗಿ. ಅಲ್ಲಿಂದ ಇಳಿದು ಲಿವರ್‌ಮೋರ್ ಸೇರಿದಿರಾದರೆ ಯೊಸೆಮಿಟಿಯೂ ದೂರವಲ್ಲ.